ಬೋರಲು ಹಾಕಿದ ಚೀಟಿಗಳು

ಅಕ್ಟೋಬರ್ 3, ಗುರುವಾರ

ಇಪ್ಪತ್ತೇಳು ವರ್ಷಗಳಲ್ಲಿ ಗ್ರಂಥಾಲಯದೊಳಗೆ ನಾನು ದನಿ ಎತ್ತಿದ್ದು ಇಂದು ಮೂರನೆಯ ಸಲ. ಮೊದಲ ಎರಡು ಸಲ ನಾಯಿಗಳ ಮೇಲೆ. ಇಂದು ಶ್ರೀ ಕಿಸ್ಲರ್ ಅವರ ಮೇಲೆ.

ಈ ಮನುಷ್ಯ ನಮ್ಮ ಗ್ರಂಥಾಲಯ ಮಂಡಳಿಯ ಐವರಲ್ಲಿ ಒಬ್ಬರು. ಊರಿನ ಬಂದೂಕು ಕ್ಲಬ್ಬಿನ ಅಧ್ಯಕ್ಷರು ಕೂಡ. ಅವರ ಹದಿನಾರು ವರ್ಷದ ಮೊಮ್ಮಗಳು ಕಳೆದ ವಾರ ‘ಉಪ್ಪು ಬೇಯಿಸುವವಳು’ ಕಾದಂಬರಿಯನ್ನು ಮನೆಗೆ ಒಯ್ದಿದ್ದಳು. ಪೋರ್ಚುಗೀಸಿನಿಂದ ಬಂದದ್ದು; ಅನುವಾದಕ ಒಂದು ವಾಕ್ಯದಲ್ಲೂ ಅವಸರ ಮಾಡಿಲ್ಲ. ಅದರ ಒಂಬತ್ತನೆಯ ಅಧ್ಯಾಯದ ಎರಡು ಪುಟ ಅಜ್ಜನ ಕಣ್ಣಿಗೆ ಬಿದ್ದಿವೆ.

"ಈ ಪುಸ್ತಕ ಇನ್ನೂ ಯಾವ್ಯಾವ ಮಕ್ಕಳ ಕೈಗೆ ಹೋಗಿದೆ ಅಂತ ನಂಗೆ ಗೊತ್ತಾಗ್ಬೇಕು ಮೇಡಂ. ಅವರವರ ಮನೆಗೆ ಫೋನ್ ಮಾಡ್ತೀನಿ."

"ಅದನ್ನ ಹೇಳೋಕಾಗಲ್ಲ."

"ಹೇಳ್ಬೇಡಿ. ತೋರ್ಸಿದ್ರೆ ಸಾಕು. ಚೀಟಿ ನಿಮ್ಮ ಡಬ್ಬೀಲೇ ಇದೆಯಲ್ಲ."

ಇದೆ. ಪೆನ್ಸಿಲ್ವೇನಿಯಾದ ಬೇರೆ ಊರುಗಳೆಲ್ಲ ಕಂಪ್ಯೂಟರಿಗೆ ಬದಲಾದಾಗ ನಾನು ಹಟ ಹಿಡಿದು ಹಳೆಯ ಪದ್ಧತಿಯನ್ನೇ ಉಳಿಸಿಕೊಂಡೆ. ಪ್ರತಿ ಪುಸ್ತಕದ ಹಿಂದಿನ ಜೇಬಿನಲ್ಲಿ ಒಂದು ಚೀಟಿ. ಒಯ್ಯುವವರು ಅದರ ಮೇಲೆ ತಮ್ಮ ಹೆಸರು ಬರೆದು ನನಗೆ ಕೊಡುತ್ತಾರೆ. ಪುಸ್ತಕ ಮರಳಿದಾಗ ಚೀಟಿ ಮತ್ತೆ ಜೇಬಿಗೆ. ನೀಲಿ ಗೆರೆ, ಬಗೆಬಗೆಯ ಕೈಬರಹ, ನೋಡಲು ಚೆಂದ. ಹದಿನಾಲ್ಕು ಸಾವಿರ ಪುಸ್ತಕ ಎಂದರೆ ಹದಿನಾಲ್ಕು ಸಾವಿರ ಪಟ್ಟಿ ಎಂಬುದು ಇಂದಿನವರೆಗೆ ನನಗೆ ಹೊಳೆದಿರಲಿಲ್ಲ.

"ಯಾರು ಏನು ಓದ್ತಾರೆ ಅನ್ನೋದು ಸಂವಿಧಾನ ಕೊಟ್ಟಿರೋ ಹಕ್ಕು ಶ್ರೀ ಕಿಸ್ಲರ್," ಎಂದೆ. ದನಿ ಎತ್ತಿದ್ದು ಇಲ್ಲೇ.

"ಸಂವಿಧಾನ ನಂಗೂ ಬಾಯಿಪಾಠ ಇದೆ. ಬಂದೂಕಿನ ಹಕ್ಕಿದೆಯಲ್ಲ, ಎರಡನೇ ತಿದ್ದುಪಡಿ, ಅಲ್ಲಿಂದ ಶುರು ಮಾಡ್ಲಾ?"

"ಮೊದಲನೇದ್ರಿಂದ, ಮಾತಿನ ಹಕ್ಕಿನಿಂದ, ಶುರು ಮಾಡೋದು ವಾಡಿಕೆ."

ಬಂದದ್ದಕ್ಕೆ ಇದೊಂದು ಆಗಲಿ ಎಂಬಂತೆ, ಅವರು ಅಗ್ನಿಶಾಮಕ ಸ್ವಯಂಸೇವಕರ ಲಾಟರಿ ಟಿಕೆಟ್ ಒಂದನ್ನು ಮೇಜಿನ ಮೇಲಿಟ್ಟರು. ಪ್ರತಿವರ್ಷದಂತೆ ಕೊಂಡೆ. ಪ್ರತಿವರ್ಷದಂತೆ ಅದರಲ್ಲಿ ಏನಿದೆಯೆಂದು ಓದಲಿಲ್ಲ.

ಅಕ್ಟೋಬರ್ 5, ಶನಿವಾರ

ಗೆಳತಿ ಬರ್ನಡೀನ್ ಸಹಿ ಹಾಳೆಯನ್ನು ತಂದಳು. ನಾವಿಬ್ಬರೂ ಸೇರಿ ಬರೆದ ಅರ್ಜಿ: ಜಿಲ್ಲೆಯ ಪ್ರತಿಯೊಂದು ಬಂದೂಕೂ, ಅದರ ಒಡೆಯರ ಹೆಸರೂ ಒಂದೇ ಪಟ್ಟಿಯಲ್ಲಿ ಇರಬೇಕು. ಮೂವತ್ತು ವರ್ಷ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಆಗಿದ್ದವಳು ಅವಳು; ಈ ವಿಷಯದಲ್ಲಿ ಅವಳ ಜೊತೆ ವಾದಿಸಲು ಊರಿನಲ್ಲಿ ಯಾರಿಗೂ ಧೈರ್ಯವಿಲ್ಲ. ಮೊದಲ ಸಹಿ ನನ್ನದು. ಹಾಳೆಯನ್ನು ನನ್ನ ಮೇಜಿನ ಮೇಲೆ, ಪೆನ್ಸಿಲ್ ಡಬ್ಬಿಯ ಪಕ್ಕ ಇಟ್ಟಿದ್ದೇವೆ.

"ಕಿಸ್ಲರ್ ಇದನ್ನ ನೋಡಿದ್ರೆ ಮೀಸೆ ಉದುರಿಹೋಗುತ್ತೆ ಕಣೇ ಆರ್ಡಿಸ್," ಎಂದಳು.

ಆತನಿಗೆ ಮೀಸೆ ಇಲ್ಲ ಎಂದು ತಿದ್ದಿದೆ.

"ಗಮನಿಸಿದ್ದೀಯ!" ಎಂದಳು.

ಅಕ್ಟೋಬರ್ 14, ಸೋಮವಾರ

ಮಂಡಳಿಯಿಂದ ಕಾಗದ ಬಂದಿದೆ. ನವೆಂಬರ್ 19ರ ಸಭೆಯಲ್ಲಿ ಕಿಸ್ಲರ್ ಅವರ ಠರಾವು: ಆ ಪುಸ್ತಕದ ಚೀಟಿಯನ್ನು ಗ್ರಂಥಪಾಲಕಿ ಮಂಡಳಿಗೆ ಒಪ್ಪಿಸಬೇಕು. ಮಂಡಳಿಯ ವಕೀಲರು ಚೀಟಿಯ ವಿಷಯದಲ್ಲಿ ಏನನ್ನೂ ಖಚಿತವಾಗಿ ಹೇಳುತ್ತಿಲ್ಲ. ಇಬ್ಬರು ಠರಾವಿನ ಪರ, ಇಬ್ಬರು ವಿರುದ್ಧ. ಐದನೆಯ ಮತ ಅದನ್ನು ತಂದವರದೇ. ಲೆಕ್ಕ ಸರಳವಾಗಿದೆ. ನನ್ನ ಉತ್ತರವೂ ಸರಳ: ಒಪ್ಪಿಸುವುದಿಲ್ಲ. ಅಂದರೆ ನವೆಂಬರ್ 20ರಂದು ನನಗೆ ಕೆಲಸ ಇರುವುದಿಲ್ಲ.

ಡಬ್ಬಿಯಿಂದ ಚೀಟಿಯನ್ನು ತೆಗೆದು ನನ್ನ ಚೀಲಕ್ಕೆ ಸೇರಿಸುವಾಗ ಅದನ್ನು ಓದಿದೆ. ಓದಬಾರದಿತ್ತು. ಹನ್ನೊಂದು ಹೆಸರುಗಳಿವೆ. ಮಕ್ಕಳೆಂದರೆ ಆ ಮೊಮ್ಮಗಳೊಬ್ಬಳೇ. ಉಳಿದ ಹತ್ತರಲ್ಲಿ ಮೂರು ಸಲ, ಮೂರು ಬೇರೆ ಬೇರೆ ವರ್ಷ, ಒಂದೇ ದುಂಡು ಅಕ್ಷರ: ವರ್ಡಿ ಕಿಸ್ಲರ್.

ಅವರ ಹೆಂಡತಿ. ತೀರಿಕೊಂಡು ನಾಲ್ಕು ವರ್ಷವಾಯಿತು. ಪ್ರತಿ ಗುರುವಾರ ಬರುತ್ತಿದ್ದಳು, ಹೆಚ್ಚು ಮಾತಾಡುತ್ತಿರಲಿಲ್ಲ. ಚೀಟಿಯ ಮೂಲೆಯಲ್ಲಿ ಅವಳ ಕಾಫಿ ಬಟ್ಟಲಿನ ಗುರುತೊಂದಿದೆ. ಅದಕ್ಕಾಗಿ ಆಗ ಅವಳನ್ನು ಗದರಿದ್ದೆ.

ಈ ಒಂದು ಹೆಸರನ್ನು ಹೇಳಿಬಿಟ್ಟರೆ ಕಿಸ್ಲರ್ ಅವರ ಬಾಯಿ ಮುಚ್ಚುತ್ತದೆ, ನನ್ನ ಕೆಲಸ ಉಳಿಯುತ್ತದೆ. ಆದರೆ ಹೇಳುವುದೆಂದರೆ ಚೀಟಿಯನ್ನು ತೋರಿಸಿದಂತೆಯೇ. ಗಂಡನಿಗೆ ತೋರಿಸುವುದಿದ್ದರೆ ಅವಳೇ ತೋರಿಸುತ್ತಿದ್ದಳು.

ಇಲ್ಲಿ ಬರೆದದ್ದು ಸಾಕು. ಇನ್ನೆಲ್ಲೂ ಬರೆಯುವುದಿಲ್ಲ.

ಅಕ್ಟೋಬರ್ 26, ಶನಿವಾರ

ನಗುವುದೋ ಅಳುವುದೋ ತಿಳಿಯುತ್ತಿಲ್ಲ. ಅಗ್ನಿಶಾಮಕ ಭವನದಲ್ಲಿ ವಾರ್ಷಿಕ ಊಟ. ಕೋಳಿ ಮತ್ತು ಮುಸುಕಿನ ಜೋಳದ ಸೂಪು, ಕಾಕಂಬಿ ಪೈ. ಎರಡನೆಯ ಬಟ್ಟಲು ಸೂಪು ಬಡಿಸಿಕೊಳ್ಳುತ್ತಿದ್ದೆ. ಧ್ವನಿವರ್ಧಕದಲ್ಲಿ ಕಿಸ್ಲರ್ ಅವರ ದನಿ: "ಮೊದಲ ಬಹುಮಾನ, ಜಿಂಕೆ ಬೇಟೆಯ ರೈಫಲ್, ಟಿಕೆಟ್ ನಂಬರ್ ನಾನೂರ ಹದಿನೇಳು." ಆಮೇಲೆ, "ಅಯ್ಯೋ ದೇವರೇ, ನಮ್ಮ ಲೈಬ್ರರಿ ಮೇಡಂ!"

ಊಟದ ಮನೆ ಪೂರ್ತಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬರ್ನಡೀನ್ ಮಾತ್ರ ಕುಳಿತೇ ಇದ್ದಳು, ಕರವಸ್ತ್ರವನ್ನು ಬಾಯಿಗೊತ್ತಿಕೊಂಡು. ಅವಳ ಭುಜಗಳು ಕುಣಿಯುತ್ತಿದ್ದವು.

"ಬೇಡ ಅಂದ್ರೆ ವಾಪಸ್ ಕೊಟ್ಬಿಡಿ, ಇನ್ನೊಂದು ಸಲ ಚೀಟಿ ಎತ್ತೋಣ," ಎಂದರು ಕಿಸ್ಲರ್, ವೇದಿಕೆಯಿಂದ ಇಳಿದು ಬಂದು. ದಾಕ್ಷಿಣ್ಯದ ಮಾತೇ. ಆದರೆ ಅವರ ಹುಬ್ಬು ಮೇಲೇರಿದ್ದ ರೀತಿ ನನಗೆ ಹಿಡಿಸಲಿಲ್ಲ.

"ಗೆದ್ದಿದ್ದು ನಾನು. ತಗೋತೀನಿ," ಎಂದೆ.

ಅಕ್ಟೋಬರ್ 29, ಮಂಗಳವಾರ

ಬಹುಮಾನದ ಬಂದೂಕನ್ನೂ ಹಾಗೆಯೇ ಕೈಗೆ ಕೊಡುವುದಿಲ್ಲ. ಬ್ರುಬೇಕರ್ ಅವರ ಬಂದೂಕಿನ ಅಂಗಡಿಯಲ್ಲಿ ಅರ್ಜಿ ತುಂಬಬೇಕು, ಪೊಲೀಸರು ಹೆಸರನ್ನು ಪರಿಶೀಲಿಸಬೇಕು. ಇದು ಸರಿಯಾದದ್ದೇ, ಇದಕ್ಕಾಗಿ ನಾನು ಹಿಂದೆ ಪತ್ರಿಕೆಗೂ ಬರೆದಿದ್ದೇನೆ. ಎರಡೂವರೆಗೆ ಹೋದೆ. ಲಾಟರಿಯ ಕಡೆಯಿಂದ ಸಹಿ ಹಾಕಲು ಕಿಸ್ಲರ್ ಕಾಫಿ ಹಿಡಿದು ನಿಂತಿದ್ದರು.

ಅರ್ಜಿಯನ್ನು ಎರಡು ಸಲ ಓದಿ, ತುಂಬಿ, ಮುದ್ರಣದ ಒಂದು ತಪ್ಪನ್ನೂ ಗುರುತಿಸಿ ಕೊಟ್ಟೆ. ಬ್ರುಬೇಕರ್ ಫೋನಿನಲ್ಲಿ ಬಹಳ ಹೊತ್ತು ಹೂಂಗುಟ್ಟಿದರು. ಆಮೇಲೆ ನನ್ನನ್ನು ನೋಡದೆ ಹೇಳಿದರು: "ತಡೆಹಿಡಿದಿದ್ದಾರೆ ಮೇಡಂ."

"ಯಾಕೆ?"

"ಯಾಕೆ ಅಂತ ಅವರು ಹೇಳಲ್ಲ."

"ಹೇಳಲ್ಲ ಅಂದ್ರೆ? ನನ್ನ ಹೆಸರು ಯಾವ ಪಟ್ಟೀಲಿದೆ? ಯಾರು ಸೇರಿಸಿದ್ರು? ನಾನು ಲೈಬ್ರರಿ ಪುಸ್ತಕ ಕೂಡ ಒಂದು ದಿನ ತಡ ಮಾಡಿದವಳಲ್ಲ!"

"ನಿಮ್ಮ ಹೆಸರಿನವರು ಇನ್ಯಾರೋ ಏನೋ ಮಾಡಿರ್ತಾರೆ. ಹದಿನೈದು ದಿನದೊಳಗೆ ಸರಿಹೋಗುತ್ತೆ."

ಕಿಸ್ಲರ್ ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಕುರ್ಚಿ ಎಳೆದು ಕೊಟ್ಟರು, ತಮ್ಮ ಕಾಫಿಯನ್ನೂ ನನ್ನತ್ತ ಸರಿಸಿದರು.

"ಈ ಅರ್ಜಿ ಆಮೇಲೆ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದೆ.

"ಎಲ್ಲಿಗೂ ಹೋಗಲ್ಲ. ಬ್ರುಬೇಕರ್ ಬೀರೂಲೇ ಇರುತ್ತೆ. ಹಾಗೇ ಇರ್ಬೇಕು ಕೂಡ. ನೋಡಿ ಮೇಡಂ, ಪಟ್ಟಿ ಅನ್ನೋದು ನಾಯಿಮರಿ ಇದ್ದ ಹಾಗೆ. ಸಾಕೋವಾಗ ಎಲ್ಲಾರ್ಗೂ ಮುದ್ದು. ದೊಡ್ಡದಾದ್ಮೇಲೆ ಯಾರನ್ನ ಕಚ್ಚುತ್ತೆ ಅಂತ ಸಾಕಿದವನಿಗೂ ಗೊತ್ತಿರಲ್ಲ."

ಮನೆಗೆ ಬಂದೊಡನೆ ಇದನ್ನು ಅವರು ಹೇಳಿದ ಹಾಗೆಯೇ ಬರೆದುಕೊಂಡಿದ್ದೇನೆ. ಉಪಯೋಗಕ್ಕೆ ಬಂದೀತು.

ನವೆಂಬರ್ 2, ಶನಿವಾರ

ಇನ್ನೂ ತಡೆ. ಬೆಳಗಿನಿಂದ ನಾಲ್ಕು ಸಲ ಫೋನ್ ಮಾಡಿದೆ.

ನವೆಂಬರ್ 4, ಸೋಮವಾರ

ತಡೆ.

ಇಂದು ಮೇಜಿನ ಮೇಲಿನ ಸಹಿ ಹಾಳೆಗೆ ಹೊಸ ಸಹಿಗಳು ಒಂಬತ್ತು. ಸಹಿ ಹಾಕಿದವರಿಗೆ ಧನ್ಯವಾದ ಹೇಳಲು ಎರಡು ಸಲ ಮರೆತೆ.

ನವೆಂಬರ್ 8, ಶುಕ್ರವಾರ

ಬಿಡುಗಡೆ! ಪಿಟ್ಸ್‌ಬರ್ಗ್ ಕಡೆ ನನ್ನದೇ ಹೆಸರಿನ, ನನ್ನದೇ ಹುಟ್ಟಿದ ದಿನದ ಇನ್ನೊಬ್ಬಳು ಆರ್ಡಿಸ್ ಸ್ನೇವ್ಲಿ ಇದ್ದಾಳಂತೆ. ಅವಳು ಏನು ಮಾಡಿದಳೆಂದು ಹೇಳಲಿಲ್ಲ. ಅವಳ ಬಗ್ಗೆ ನನಗೆ ವಿಚಿತ್ರವಾದ ಕುತೂಹಲ. ಅದು ನನ್ನ ಕೆಲಸವಲ್ಲ ಎಂದೂ ಗೊತ್ತು.

ಹತ್ತು ದಿನ ಕಾಯಬೇಕಾಯಿತು. ಕಾಯುವುದರಿಂದ ಯಾರಿಗೂ ನಷ್ಟವಿಲ್ಲ ಎಂದು ನಾನು ಪತ್ರಿಕೆಗೆ ಬರೆದಿದ್ದೆ. ಈಗಲೂ ಹಾಗೆಯೇ ಅನ್ನುತ್ತೇನೆ. ಬರೆದ ದಿನ ಎಷ್ಟು ಸಲೀಸಾಗಿ ಬರೆದಿದ್ದೆ ಎಂಬುದಷ್ಟೇ ನೆನಪಾಗುತ್ತಿದೆ.

ನವೆಂಬರ್ 9, ಶನಿವಾರ

ಬಂದೂಕನ್ನು ಹಿಡಿಯುವುದು ಹೇಗೆಂದು ತಿಳಿಯದೆ ಮನೆಯಲ್ಲಿಡುವುದು ತಪ್ಪು ಎಂದು ವೆಂಡೆಲ್ ಕಿಸ್ಲರ್ ಹೇಳಿದರು. ಇದನ್ನು ಅಲ್ಲಗಳೆಯಲಾಗಲಿಲ್ಲ. ಹಾಗಾಗಿ ಕ್ಲಬ್ಬಿನ ಬಯಲಿಗೆ ಹೋದೆ, ಬೇಟೆಗಾರರ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು.

"ಉಸಿರು ಬಿಡಿ. ಅರ್ಧ ಬಿಟ್ಟು ನಿಲ್ಲಿಸಿ. ಈಗ ಮೆಲ್ಲಗೆ... ಅವಸರ ಬೇಡ, ಅದೇನು ಓಡಿ ಹೋಗಲ್ಲ, ಕಾಗದ ಅದು."

ಮೂರು ಗುಂಡು. ಅವರು ದುರ್ಬೀನಿನಲ್ಲಿ ಎರಡು ಸಲ ನೋಡಿದರು. ಮೂರೂ ತೂತುಗಳನ್ನು ಒಂದು ಬಟ್ಟಲಿನ ತಟ್ಟೆಯಿಂದ ಮುಚ್ಚಬಹುದಿತ್ತು.

"ಮೊದಲೆಲ್ಲಾದ್ರೂ ಹೊಡೆದಿದ್ರಾ?"

"ಇಲ್ಲ. ಸೂಚನೆಗಳನ್ನ ಪೂರ್ತಿ ಕೇಳಿಸ್ಕೊಂಡೆ."

ಈಗ ಅವರು ನಕ್ಕರು. ಒಳ್ಳೆಯ ನಗು; ಧ್ವನಿವರ್ಧಕದಲ್ಲಿ ಕೇಳುವ ನಗು ಬೇರೆ.

ಠರಾವಿನ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ರೈಫಲ್ಲನ್ನು ಕ್ಲಬ್ಬಿನ ಬೀಗದ ಪೆಟ್ಟಿಗೆಯಲ್ಲೇ ಬಿಟ್ಟು ಬಂದೆ.

ನವೆಂಬರ್ 14, ಗುರುವಾರ

ಬರ್ನಡೀನ್‌ಗೆ ಕೊಟ್ಟ ಪುಸ್ತಕದಲ್ಲಿ ಆ ಗುರಿಕಾಗದ ಸಿಕ್ಕಿಬಿಟ್ಟಿತು. ಪುಟದ ಗುರುತಿಗೆಂದು ಮಡಚಿ ಇಟ್ಟಿದ್ದೆ.

"ಇದೇನೇ ಇದು, ಇಲಿ ಕಡಿದಿದ್ದಾ?"

ಹೇಳಿದೆ. ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಒಬ್ಬಳು ಪೆನ್ಸಿಲ್ ಡಬ್ಬಿ ಪಕ್ಕ ಸಹಿ ಹಾಳೆ ಇಡ್ತಾಳೆ, ಇನ್ನೊಬ್ಬಳು ಕಿಸ್ಲರ್ ಪಕ್ಕ ನಿಂತು ಢಂ ಅನ್ಸ್ತಾಳೆ. ಇಬ್ಬರಲ್ಲಿ ಯಾರ ಜೊತೆ ನಾನು ಚಹಾ ಕುಡೀಬೇಕು?"

"ಒಂದೇ ಬಟ್ಟಲು ಸಾಕು," ಎಂದೆ.

ಆಮೇಲೆ ಮನಸ್ಸಿನಲ್ಲಿದ್ದುದನ್ನು ಕೇಳಿದೆ: ಓದುವವರ ಪಟ್ಟಿಯನ್ನು ಕೊಡುವುದಿಲ್ಲ ಎನ್ನುವ ನಾನೇ ಬಂದೂಕಿನವರ ಪಟ್ಟಿ ಬೇಕೆಂದು ಸಹಿ ಹಾಕಿದ್ದೇನೆ. ಇದು ಸರಿಹೊಂದುತ್ತದೆಯೇ?

ಅವಳು ನಗುವುದನ್ನು ನಿಲ್ಲಿಸಿದಳು. "ಪುಸ್ತಕ ತಗಲಿ ಸತ್ತವರನ್ನ ನಾನು ಒಬ್ಬರನ್ನೂ ನೋಡಿಲ್ಲ ಕಣೇ. ಇನ್ನೊಂದ್ರಿಂದ ಎಷ್ಟು ಜನ ಅಂತ ಎಣಿಸೋದು ಬಿಟ್ಟು ಬಹಳ ವರ್ಷ ಆಯ್ತು."

ಅವಳು ಹೇಳಿದ್ದು ನಿಜ. ವೆಂಡೆಲ್ ಕಿಸ್ಲರ್ ಅಂಗಡಿಯಲ್ಲಿ ಹೇಳಿದ್ದೂ ನಿಜ. ಎರಡು ನಿಜಗಳನ್ನು ಒಂದೇ ಕಪಾಟಿನಲ್ಲಿಡಲು ಜಾಗ ಮಾಡಬೇಕು.

ನವೆಂಬರ್ 18, ಸೋಮವಾರ

ಮೇಜಿನ ಖಾನೆಗಳನ್ನು ಖಾಲಿ ಮಾಡಿದೆ. ಇಪ್ಪತ್ತೇಳು ವರ್ಷ ಎಂದರೆ ಎರಡು ರಟ್ಟಿನ ಪೆಟ್ಟಿಗೆ.

ಚೀಟಿ ಚೀಲದಲ್ಲೇ ಇದೆ. ಒಂದು ಹೆಸರು, ಎರಡು ಪದ. ಹೇಳುವುದಿಲ್ಲ.

ನವೆಂಬರ್ 19, ಮಂಗಳವಾರ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಸಭೆ ಗ್ರಂಥಾಲಯದಲ್ಲೇ, ಸಂಜೆ ನಾಲ್ಕಕ್ಕೆ. ಎಪ್ಪತ್ತು ಜನ, ಕುರ್ಚಿಗಳಿರುವುದು ನಲವತ್ತು. ಮಂಡಳಿಯ ಅಧ್ಯಕ್ಷೆ ಹೊಲೆನ್‌ಬಾಕ್ ಠರಾವನ್ನು ಓದಿದರು. ನನಗೆ ಮೂರು ನಿಮಿಷ ಕೊಟ್ಟರು. ಎದ್ದು ನಿಂತೆ. ವೆಂಡೆಲ್ ಕಿಸ್ಲರ್ ಎದುರಿಗೇ ಕುಳಿತಿದ್ದರು, ಕಾದಂಬರಿಯನ್ನು ಮಂಡಿಯ ಮೇಲಿಟ್ಟುಕೊಂಡು. ಆ ಹೆಸರು ನಾಲಿಗೆಯ ತುದಿಯವರೆಗೆ ಬಂತು. ಒಂದು ಲೋಟ ನೀರು ಕುಡಿದೆ. ಅದು ಇಳಿಯಿತು.

"ನನ್ನ ಮಾತು ಏನೂ ಇಲ್ಲ," ಎಂದೆ. "ನಮ್ಮೂರಿನವರೊಬ್ಬರು ಹೇಳಿದ್ದನ್ನ ಓದ್ತೀನಿ, ಅಷ್ಟೇ. ‘ಪಟ್ಟಿ ಅನ್ನೋದು ನಾಯಿಮರಿ ಇದ್ದ ಹಾಗೆ. ಸಾಕೋವಾಗ ಎಲ್ಲಾರ್ಗೂ ಮುದ್ದು. ದೊಡ್ಡದಾದ್ಮೇಲೆ ಯಾರನ್ನ ಕಚ್ಚುತ್ತೆ ಅಂತ ಸಾಕಿದವನಿಗೂ ಗೊತ್ತಿರಲ್ಲ.’"

ಠರಾವಿನ ಪರವಾಗಿದ್ದ ಸದಸ್ಯರೊಬ್ಬರು ಮೂಗು ಮುರಿದರು. "ಯಾವನಮ್ಮ ಈ ತತ್ವಜ್ಞಾನಿ?"

"ಶ್ರೀ ವೆಂಡೆಲ್ ಕಿಸ್ಲರ್. ಅಕ್ಟೋಬರ್ ಇಪ್ಪತ್ತೊಂಬತ್ತು, ಮಧ್ಯಾಹ್ನ ಎರಡೂವರೆಯ ನಂತರ, ಬ್ರುಬೇಕರ್ ಅಂಗಡಿ. ಎದುರಿಗೆ ಅವರ ಕಾಫಿ ಇತ್ತು, ಹಾಲು ಹಾಕದ್ದು."

ನಗು ಹಿಂದಿನ ಸಾಲಿನಿಂದ ಶುರುವಾಗಿ ಮುಂದೆ ಬಂತು. ಕೊನೆಗೆ ಅವರಿಗೂ ತಗಲಿತು. ಆದರೆ ಅವರು ಸುಮ್ಮನೆ ಬಿಡುವವರಲ್ಲ. ಎದ್ದು ನಿಂತರು.

"ಸರಿ. ಸಿಕ್ಕಿಬಿದ್ದೆ. ಆದ್ರೆ ನಿಮ್ಮ ಮೇಜಿನ ಮೇಲಿನ ಹಾಳೆ ಏನು ಕಥೆ ಆರ್ಡಿಸ್? ನನ್ನ ಬಂದೂಕಿನ ಪಟ್ಟಿ ನಾಯಿಮರಿ ಅಲ್ವಾ? ಬೆಕ್ಕಾ?"

ಎಪ್ಪತ್ತು ಜನ ನನ್ನತ್ತ ತಿರುಗಿದರು. ಮೇಜಿನ ಬಳಿ ಹೋಗಿ, ಹಾಳೆಯನ್ನು ತಂದು, ಎಲ್ಲರೆದುರು ಒಂದು ವಾಕ್ಯವನ್ನು ಸೇರಿಸಿ ಗಟ್ಟಿಯಾಗಿ ಓದಿದೆ: ‘ನ್ಯಾಯಾಧೀಶರ ಆದೇಶವಿಲ್ಲದೆ ಈ ಪಟ್ಟಿಯನ್ನು ಯಾರೂ ತೆರೆಯಬಾರದು, ತೆರೆದರೆ ಹೆಸರಿನವರಿಗೆ ಕಾರಣ ತಿಳಿಸಬೇಕು.’

"ಆರ್ಡಿಸ್!" ಬರ್ನಡೀನ್ ಹಿಂದಿನ ಸಾಲಿನಿಂದ ಕೂಗಿದಳು. "ನಲವತ್ತೊಂದು ಜನ ಸಹಿ ಹಾಕಿದ್ಮೇಲೆ ತಿದ್ದೋ ಹಾಗಿಲ್ಲ ಕಣೇ!"

ಅವಳು ಹೇಳಿದ್ದು ಸರಿ. ಇಷ್ಟು ವರ್ಷಗಳಲ್ಲಿ ನಾನು ಮಾಡಿದ ಮೊದಲ ಕ್ರಮಲೋಪ. "ಹಾಗಾದ್ರೆ ಇದು ನನ್ನ ಸಹಿಗೆ ಮಾತ್ರ," ಎಂದು ವಾಕ್ಯದಿಂದ ನನ್ನ ಹೆಸರಿಗೆ ಒಂದು ಬಾಣದ ಗುರುತು ಎಳೆದೆ.

"ಇದು ಅರ್ಧ ತಲೆ ಬಾಚಿದ ಹಾಗಾಯ್ತು," ಎಂದರು ವೆಂಡೆಲ್.

"ನಿಮ್ಮದು ಇನ್ನೂ ಬಾಚಣಿಗೇನೇ ಮುಟ್ಟಿಲ್ಲ," ಎಂದೆ.

ಅವರು ಕೈಯಲ್ಲಿದ್ದ ಪುಸ್ತಕವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಪೂರ್ತಿ ಓದ್ದೆ. ಒಂಬತ್ತನೇ ಅಧ್ಯಾಯ ಕೆಟ್ಟದ್ದೇ, ಅದ್ರಲ್ಲಿ ನಾನು ಬದಲಾಗಲ್ಲ. ಹತ್ತನೇದು... ಹತ್ತನೇದು ಪರವಾಗಿಲ್ಲ. ಅಧ್ಯಕ್ಷರೇ, ನನ್ನ ಠರಾವು ವಾಪಸ್ ತಗೋತೀನಿ. ಇನ್ನೊಂದು ತರ್ತೀನಿ: ಈ ಚೀಟಿಗಳನ್ನೆಲ್ಲ ತೆಗೆದು ಸುಟ್ಟುಬಿಡಿ. ಹೆಸರಿರೋ ಕಾಗದ ಇಟ್ಕೊಂಡು ನಾವೇ ನಾಯಿ ಸಾಕೋದ್ಬೇಡ."

ಮೂರು ಪರ, ಎರಡು ವಿರುದ್ಧ. ರಟ್ಟಿನ ಪೆಟ್ಟಿಗೆಗಳನ್ನು ಮತ್ತೆ ಬಿಚ್ಚಿದೆ.

ನವೆಂಬರ್ 21, ಗುರುವಾರ

ಬರ್ನಡೀನ್ ಹೊಸ ಹಾಳೆ ತಂದಳು. ನನ್ನ ವಾಕ್ಯ ಅದರಲ್ಲಿಲ್ಲ, ಹಾಗಾಗಿ ನನ್ನ ಸಹಿಯೂ ಇಲ್ಲ. ಆದರೆ ಹಾಳೆ ಮೇಜಿನ ಮೇಲೆ, ಅದೇ ಜಾಗದಲ್ಲಿದೆ. ಅವಳು ಕಾಕಂಬಿ ಪೈ ಕೂಡ ತಂದಿದ್ದಳು.

"ಸಿಟ್ಟಿದೆ," ಎಂದಳು. "ಪೈ ತಿಂದ್ಮೇಲೆ ಬಯ್ತೀನಿ."

ಬಯ್ದಳು. ಸುಮಾರು ಇಪ್ಪತ್ತು ನಿಮಿಷ.

ಡಿಸೆಂಬರ್ 2, ಸೋಮವಾರ

ಜಿಂಕೆ ಬೇಟೆಯ ಮೊದಲ ದಿನ. ಶಾಲೆಗೆ ರಜೆ, ಗ್ರಂಥಾಲಯಕ್ಕೆ ರಜೆ, ಊರಿನ ಗಂಡಸರೆಲ್ಲ ಬೆಳಕು ಹರಿಯುವ ಮುಂಚೆಯೇ ಕಾಡಿನಲ್ಲಿ. ಕ್ಲಬ್ಬಿನ ದೊಡ್ಡ ಕಬ್ಬಿಣದ ಒಲೆ ಖಾಲಿ ಇರುತ್ತದೆ, ಚೀಟಿಗಳನ್ನು ಅಲ್ಲಿಯೇ ಸುಡಬಹುದು ಎಂದು ವೆಂಡೆಲ್ ಮೊದಲೇ ಹೇಳಿದ್ದರು. ಬೀಗದ ಕೈ ಮಾತ್ರ ಕೊಡುತ್ತಾರೆಂದುಕೊಂಡಿದ್ದೆ. ಹೋದಾಗ ಅವರೇ ಒಲೆ ಹೊತ್ತಿಸಿ ಕುಳಿತಿದ್ದರು.

"ನೀವು ಕಾಡಿಗೆ ಹೋಗಿಲ್ವಾ?"

"ಮೊಣಕಾಲು ನೋವು."

ಪೆಟ್ಟಿಗೆಗಳನ್ನು ಗಾಡಿಯಿಂದ ಒಳಗೆ ಹೊತ್ತು ತಂದವರು ಅವರೇ. ಕುಂಟಿದ್ದು ನನಗೆ ಕಾಣಲಿಲ್ಲ.

ನಿಯಮವನ್ನು ಹೇಳಿದೆ: ಚೀಟಿಗಳನ್ನು ಬೋರಲು ಹಾಕಿಯೇ ಹಿಡಿಯಬೇಕು, ಓದಬಾರದು. "ಅಪ್ಪಣೆ," ಎಂದರು. ಒಪ್ಪಿದ್ದನ್ನು ಪಾಲಿಸಿದರು. ದೊಡ್ಡ ಕೈಗಳು, ಒಂದೊಂದು ಹಿಡಿಯನ್ನೂ ಇಸ್ಪೀಟಿನ ಕಟ್ಟಿನಂತೆ ಸರಿಪಡಿಸಿ, ಮುಖ ಕೆಳಗೆ ಮಾಡಿ ಒಲೆಗೆ ಕೊಡುತ್ತಿದ್ದರು. ಮಧ್ಯಾಹ್ನದ ವೇಳೆಗೆ ನನ್ನ ಚೀಲದಲ್ಲಿದ್ದ ಒಂಟಿ ಚೀಟಿಯನ್ನೂ ಅವರ ರಾಶಿಯ ಮೇಲೆ ಬೋರಲಾಗಿ ಇಟ್ಟೆ. ಮೂಲೆಯಲ್ಲಿ ಕಾಫಿಯ ಕಂದು ಗುರುತು ಬೆನ್ನಿಗೂ ಇಳಿದಿತ್ತು.

ಅದನ್ನು ಎತ್ತಿಕೊಂಡರು. ಹೆಬ್ಬೆರಳು ಆ ಗುರುತಿನ ಮೇಲೆಯೇ ಇತ್ತು. "ಇದೇ ಅಲ್ವಾ ನಮ್ಮ ಜಗಳದ್ದು?"

"ಇದೇ."

ತಿರುಗಿಸಲಿಲ್ಲ. ಒಲೆಗೆ ಹಾಕಿದರು. ಒಲೆಯ ಬಾಗಿಲು ಮುಚ್ಚುತ್ತ ಹೇಳಿದರು: "ಆ ಹತ್ತನೇ ಅಧ್ಯಾಯದಲ್ಲಿ ಅವಳು ಒಬ್ಬಳೇ ಕೂತು ಉಪ್ಪು ಒಣಗೋದನ್ನ ನೋಡ್ತಾಳಲ್ಲ. ವರ್ಡಿ ಓದಿದ್ದಿದ್ರೆ ಇಷ್ಟಪಡ್ತಿದ್ಲು ಅನ್ಸುತ್ತೆ."

"ಇರಬಹುದು," ಎಂದೆ.

ಬೆಂಕಿಯ ಬಿಸಿಗೆ ಕಣ್ಣು ಉರಿಯಿತು. ಹಂದಿಮಾಂಸ ಮತ್ತು ಹುಳಿ ಎಲೆಕೋಸಿನ ಬುತ್ತಿ ತಂದಿದ್ದರು, ಇಬ್ಬರಿಗಾಗುವಷ್ಟು.

ಮನೆಗೆ ಬಂದು ಬರ್ನಡೀನ್‌ಗೆ ಫೋನ್ ಮಾಡಿ ಎಲ್ಲ ಮುಗಿಯಿತೆಂದು ಹೇಳಿದೆ. "ಕಿಸ್ಲರ್ ಮೊದಲ ಸೋಮವಾರ ಬಿಟ್ಟು ಒಲೆ ಮುಂದೆ ಕೂತಿದ್ನಾ? ಜಿಂಕೆ ಬಿಟ್ಟು?" ಎಂದು ಕೇಳಿ, ಅವಳು ಬಹಳ ಹೊತ್ತು ನಕ್ಕಳು. ಮೊಣಕಾಲು ನೋವೆಂದು ವಿವರಿಸಿದೆ. ಇನ್ನೂ ಹೆಚ್ಚು ನಕ್ಕಳು. ನೋವಿನಲ್ಲಿ ನಗುವಂಥದ್ದೇನೋ ನನಗೆ ತಿಳಿಯಲಿಲ್ಲ.

ಅಕ್ಟೋಬರ್ 14ರ ಪುಟವನ್ನೂ ಹರಿದು ಆ ಒಲೆಗೇ ಹಾಕಬೇಕಿತ್ತು. ಮರೆತೆ. ನಾಳೆ.

ಡಿಸೆಂಬರ್ 5, ಗುರುವಾರ

ವೆಂಡೆಲ್ ಬಂದಿದ್ದ. ‘ಉಪ್ಪು ಬೇಯಿಸುವವಳು’ ಪುಸ್ತಕವನ್ನು ಹಿಂದಿರುಗಿಸಿ, ಒಂದು ನಿಮಿಷ ಅಲ್ಲೇ ನಿಂತು, ಅದನ್ನೇ ಮತ್ತೆ ಕೇಳಿದ. ಹತ್ತನೆಯ ಅಧ್ಯಾಯವನ್ನು ಇನ್ನೊಂದು ಸಲ ನೋಡಬೇಕಂತೆ. ಕೊಟ್ಟೆ. ಹೊಸ ಪದ್ಧತಿಯಂತೆ ಯಾರು ಒಯ್ದರೆಂದು ಎಲ್ಲಿಯೂ ಬರೆಯಲಿಲ್ಲ.

ಇಲ್ಲಿ ಬರೆದಿದ್ದೇನೆ. ಈಗ ಎರಡು ಪುಟ ಹರಿಯಬೇಕು.